ತಣ್ಣಗಿದ್ದವರನ್ನು ಕೂಡಿಸುವ ಅವಸರ

ಬರ್ಫದ ಲಾದಿಯನ್ನು, ಅಂದರೆ ಮಂಜುಗಡ್ಡೆಯ ಇಡೀ ದಿಮ್ಮಿಯನ್ನು, ಆಸ್ಪತ್ರೆಯ ಮುಂಬಾಗಿಲಿನಿಂದ ತರಬೇಡಿ ಎಂದು ನಾನು ಮೊದಲೇ ಹೇಳಿದ್ದೆ. ನೆಲ ಒದ್ದೆಯಾಗಿ ಯಾರಾದರೂ ಜಾರಿ ಬಿದ್ದಾರು ಎಂಬುದಷ್ಟೇ ನನ್ನ ಕಾರಣ. ಇನ್ನೊಂದು ಕಾರಣ ಆಗ ಹೊಳೆದಿರಲಿಲ್ಲ. ಹೇಳಿದರೂ ಅದು ಮುಂಬಾಗಿಲಿನಿಂದಲೇ ಬಂತು. ಟಮ್‌ಟಮ್ ರಿಕ್ಷಾದಿಂದ ಇಳಿಸಿ, ಗೋಣಿತಟ್ಟು ಹೊದಿಸಿ, ಸರದಿ ಕಾಯುತ್ತ ಕೂತಿದ್ದ ಹೊರರೋಗಿಗಳ ನಡುವಿನಿಂದ ಇಬ್ಬರು ಅದನ್ನು ಹೊತ್ತುಕೊಂಡು ಹೋದರು. ಮರಾಠಿ ಸೀಮೆಯ ಗಡಿಯೂರು ಉಮರ್ಗಾದ ಬೇಸಿಗೆಯಲ್ಲಿ ಇಡೀ ಲಾದಿ ಮಂಜುಗಡ್ಡೆ ತರಿಸುವವರು ಎರಡು ಬಗೆ. ಒಂದು, ಮದುವೆ ಮಾಡುವವರು. ಇನ್ನೊಂದು, ದೂರದ ನೆಂಟರು ಬರುವತನಕ ಹೆಣ ಕಾಯುವವರು. ಆಸ್ಪತ್ರೆಯಲ್ಲಿ ಮದುವೆ ಇರಲಿಲ್ಲ.

ಲಾದಿ ಬಂದದ್ದು ತೀವ್ರನಿಗಾ ಕೋಣೆಯಲ್ಲಿ ಮಲಗಿದ್ದ ಒಬ್ಬ ರೈತರಿಗಾಗಿ. ಸಾಸ್ತೂರಿನ ಹತ್ತಿರದ, ತೊಂಬತ್ತಮೂರರ ಭೂಕಂಪದ ನಂತರ ಸಾಲುಮನೆಗಳಾಗಿ ಮತ್ತೆ ಕಟ್ಟಿದ ಒಂದು ಊರಿನವರು. ವಯಸ್ಸು ಐವತ್ತರ ಆಸುಪಾಸು. ದೇವಣಿ ತಳಿಯ ಎತ್ತನ್ನು ಗೂಟಕ್ಕೆ ಕಟ್ಟುತ್ತಿದ್ದಾಗ ಎಡಗೈಯಿಂದ ಹಗ್ಗ ಜಾರಿತ್ತು, ಹಿಂದೆಯೇ ಅವರೂ ಕುಸಿದಿದ್ದರು. ಸೊಲ್ಲಾಪುರಕ್ಕೆ ಒಯ್ದು ಸ್ಕ್ಯಾನ್ ಮಾಡಿಸಿದಾಗ ಮೆದುಳಿನ ಬಲಭಾಗದ ದೊಡ್ಡ ರಕ್ತನಾಳವೊಂದು ಮುಚ್ಚಿಹೋಗಿದ್ದು ಕಂಡಿತು. ರಕ್ತದ ಗಡ್ಡೆ ಕರಗಿಸುವ ಔಷಧ ಕೊಡುವ ಅವಧಿ ಆಗಲೇ ಮುಗಿದಿತ್ತು. ಬಾವು ಏರಿದರೆ ತಲೆಬುರುಡೆಯ ಒಂದು ಭಾಗ ತೆಗೆದು ಮೆದುಳಿಗೆ ಜಾಗ ಮಾಡಿಕೊಡಬೇಕಾಗುತ್ತದೆ ಎಂದು ಅಲ್ಲಿನವರು ಹೇಳಿದರು. ತಲೆ ಒಡೆಸುವುದು ಬೇಡ ಎಂದು ಮನೆಯವರು ಊರಿಗೆ ಸಮೀಪವಾದ ಉಮರ್ಗಾಕ್ಕೆ, ನಾನು ಕೆಲಸ ಮಾಡುತ್ತಿದ್ದ ಖಾಸಗಿ ಆಸ್ಪತ್ರೆಗೆ ಕರೆತಂದರು.

ಮರುದಿನದ ಹೊತ್ತಿಗೆ ಅವರು ಮಂಪರಿಗೆ ಜಾರಿದ್ದರು. ಎಡಗೈ, ಎಡಗಾಲು ಕದಲುತ್ತಿರಲಿಲ್ಲ. ಕಣ್ಣುಗಳು ಬಲಕ್ಕೇ ತಿರುಗಿ ನಿಂತಿದ್ದವು. ಜ್ವರ ಮೂವತ್ತೊಂಬತ್ತು ಡಿಗ್ರಿ ದಾಟಿತ್ತು. ರಕ್ತ ಸಿಗದೆ ಸತ್ತ ಮೆದುಳಿನ ಭಾಗವನ್ನು ಯಾರೂ ಮರಳಿ ತರಲಾರರು. ನನ್ನ ಭಯ ಅದರ ಸುತ್ತಲಿನ ಭಾಗದ್ದು. ಅದು ಬಾತುಕೊಳ್ಳುತ್ತ ಹೋದರೆ ಗಟ್ಟಿ ಬುರುಡೆಯೊಳಗೆ ಜಾಗ ಸಾಲದೆ ಉಸಿರಾಟ ನಡೆಸುವ ಭಾಗವನ್ನೇ ಅದುಮುತ್ತದೆ. ಜ್ವರ ಈ ಕೆಡುಕನ್ನು ಬೇಗ ಮಾಡುತ್ತದೆ. ನಾನು ಎಂ.ಡಿ. ಓದಿದ ಕಾಲೇಜಿನಲ್ಲಿ ನನ್ನ ಗುರುಗಳು ಇಂಥ ಕೆಲವು ರೋಗಿಗಳ ಮೈಯನ್ನು ಮೂವತ್ತೈದು ಡಿಗ್ರಿಗೆ ಇಳಿಸಿ, ಬಾವಿನ ದಿನಗಳು ಕಳೆಯುವತನಕ ಅಲ್ಲಿಯೇ ಹಿಡಿದಿಟ್ಟು, ನಂತರ ನಿಧಾನವಾಗಿ ಏರಿಸುತ್ತಿದ್ದರು. ತಂಪಿನಲ್ಲಿ ಮೆದುಳು ಕಡಿಮೆ ಬೇಡುತ್ತದೆ ಎಂಬುದು ಅದರ ಹಿಂದಿನ ವಿಚಾರ. ಲಕ್ವಾದಲ್ಲಿ ಇದರಿಂದ ಗುಣವಾಗುತ್ತದೆ ಎಂದು ಖಚಿತವಾಗಿ ಯಾರೂ ಹೇಳಿರಲಿಲ್ಲ. ಬೇರೆ ದಾರಿ ಮುಚ್ಚಿದಾಗ ಮಾಡುವಂಥದ್ದು.

ಗುರುಗಳಿಗೆ ಫೋನ್ ಮಾಡಿದೆ. "ಇಳಿಸೋದು ಸುಲಭ, ಹಿಡಿದಿಡೋದು ಕಷ್ಟ, ಏರಿಸೋದು ಅಪಾಯ," ಎಂದರು. ಆಸ್ಪತ್ರೆಯ ಮಾಲೀಕರಾದ ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸುತ್ತ ಎಲ್ಲ ಕೇಳಿ, "ಕರಾ. ಪಣ ಜಬಾಬ್ದಾರಿ ತುಮಚಿ," ಎಂದರು. ಮಾಡಿ, ಆದರೆ ಜವಾಬ್ದಾರಿ ನಿಮ್ಮದು.

ರೋಗಿಯ ಹೆಂಡತಿಗೆ ನಾನು ಕೂರಿಸಿಕೊಂಡು ವಿವರಿಸಿದೆ. ನಿಲಂಗಾ ಕಡೆಯ ಹೆಣ್ಣುಮಗಳು. ಪ್ರತಿ ವಾಕ್ಯಕ್ಕೂ ತಲೆಯಾಡಿಸಿದರು. ಎಲ್ಲ ಮುಗಿದ ಮೇಲೆ ಕೇಳಿದರು: "ಲಕ್ವಾ ಅಂದ್ರ ಗಾಳಿ ಬಡದದ್ದು ಹೌದಲ್ರಿ ಡಾಕ್ಟರಬಾಯಿ? ಗಾಳಿ ಬಡದವರಿಗಿ ಬರ್ಫ ಹಚ್ಚತಾರೇನ್ರಿ?"

ನಾನು ಮೊದಲಿನಿಂದ ಮತ್ತೆ ಹೇಳಿದೆ. ಅವರು ಮತ್ತೆ ತಲೆಯಾಡಿಸಿದರು.

ಹಿತ್ತಲಿನಲ್ಲಿ ಲಾದಿಯನ್ನು ಗೋಣಿಚೀಲಕ್ಕೆ ಹಾಕಿ ಕೊಡತಿಯಿಂದ ಒಡೆಸಿದೆ. ಚೂರುಗಳನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ, ಚರ್ಮ ಸುಡದಂತೆ ಬಟ್ಟೆ ಸುತ್ತಿ, ಕುತ್ತಿಗೆಯ ಎರಡೂ ಪಕ್ಕ, ಕಂಕುಳು, ತೊಡೆಸಂದಿನಲ್ಲಿ ಇಟ್ಟೆವು. ದೊಡ್ಡ ರಕ್ತನಾಳಗಳು ಚರ್ಮದ ಹತ್ತಿರ ಹಾಯುವ ಜಾಗಗಳು ಇವು. ಎದೆಯ ಮೇಲಿದ್ದ ಲಿಂಗದ ಕರಡಿಗೆಗೆ ನೀರು ತಾಗದಂತೆ ಪ್ಲಾಸ್ಟಿಕ್ ಹಾಳೆ ಸುತ್ತಿದೆವು. ಅದನ್ನು ತೆಗೆಯುವ ಮಾತು ನಾನು ಎತ್ತಲಿಲ್ಲ. ಫ್ರಿಜ್ಜಿನಲ್ಲಿ ತಣ್ಣಗಾಗಿಸಿದ ಸಲೈನ್ ನಿಧಾನವಾಗಿ ರಕ್ತನಾಳಕ್ಕೆ, ಮೈಮೇಲೆ ಒದ್ದೆ ಚಾದರ, ಪಕ್ಕದಲ್ಲಿ ಫ್ಯಾನು. ದೇಹದ ಒಳಗಿನ ಉಷ್ಣತೆ ಅಳೆಯುವ ತಂತಿಯನ್ನು ಮಾನಿಟರಿಗೆ ಜೋಡಿಸಿದ್ದೆ, ಅಂಕಿ ತೆರೆಯ ಮೂಲೆಯಲ್ಲಿ ಕಾಣುತ್ತಿತ್ತು.

ಮೂವತ್ತೇಳರತನಕ ಸಲೀಸಾಗಿ ಇಳಿಯಿತು. ಮೂವತ್ತಾರು ಬರುತ್ತಿದ್ದಂತೆ ಮೈ ತಿರುಗಿಬಿತ್ತು. ನಡುಕ ಮೊದಲು ದವಡೆಯಲ್ಲಿ ಬರುತ್ತದೆ. ಅಂಗೈ ಇಟ್ಟರೆ ದೂರದಲ್ಲಿ ಹಿಟ್ಟಿನ ಗಿರಣಿ ನಡೆದಂತೆ ತಿಳಿಯುತ್ತದೆ. ನಡುಕ ಬಂದರೆ ತಂಪು ಮಾಡಿದ್ದೆಲ್ಲ ವ್ಯರ್ಥ, ದೇಹ ತಾನೇ ಒಲೆ ಹೊತ್ತಿಸಿಕೊಂಡಂತೆ. ಅದನ್ನು ತಡೆಯುವ ಔಷಧ ಕೊಟ್ಟೆ. ಅದು ಉಸಿರನ್ನೂ ನಿಧಾನ ಮಾಡುವ ಔಷಧ, ನಮ್ಮಲ್ಲಿ ಕೃತಕ ಉಸಿರಾಟದ ಯಂತ್ರ ಇರಲಿಲ್ಲ. ಹಾಗಾಗಿ ಅಳೆದಳೆದು ಕೊಟ್ಟೆ.

ಆಮೇಲೆ ಅಂಕಿ ಅಲುಗಾಡದೆ ನಿಂತಿತು. ಅಷ್ಟೇ ಅಲ್ಲ, ಸ್ವಲ್ಪ ಮೇಲಕ್ಕೂ ಹೋಯಿತು. ತಂತಿ ಕೆಟ್ಟಿದೆ ಎಂದುಕೊಂಡು ಬದಲಿಸಿದೆ. ಬರ್ಫ ಕರಗಿದೆ ಎಂದುಕೊಂಡು ಎಲ್ಲ ಚೀಲ ಬದಲಿಸಿದೆವು. ಲೋಡ್ ಶೆಡ್ಡಿಂಗಿನಲ್ಲಿ ಫ್ಯಾನು ನಿಂತಿತು, ಅದನ್ನು ಬೈದುಕೊಂಡೆ. ಕರೆಂಟು ಬಂತು, ಅಂಕಿ ಇಳಿಯಲಿಲ್ಲ. ಕೊನೆಗೆ ಚಾದರ ಪೂರ್ತಿ ಎತ್ತಿ ನೋಡಿದರೆ, ಮೊಣಕಾಲಿನಿಂದ ಕೆಳಗೆ ಕರಿ ಕಂಬಳಿ ಬಿಗಿಯಾಗಿ ಸುತ್ತಿತ್ತು. ಅಂಗಾಲಿಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ತಿಕ್ಕಿತ್ತು.

"ಇದೇನು ಅಕ್ಕಾ?"

"ಕಾಲ ಬರ್ಫದಂಗ ಆಗ್ಯಾವ್ರಿ."

"ಆಗಬೇಕಂತಲೇ ಮಾಡ್ತಿರೋದು."

"ಆಗಬೇಕು ಅಂತೀರಿ," ಎಂದು ಅವರು ಸೆರಗಿನಿಂದ ಕೈ ಒರೆಸಿಕೊಂಡು, ನರ್ಸಿನ ಕಡೆ ತಿರುಗಿ ಮೆಲ್ಲಗೆ ಹೇಳಿದರು, "ಓದೀದವರ ದವಾ ಹಿಂಗೇ ಏನವ್ವಾ? ಪೈಲೆ ಕೊಲ್ಲೂದು, ಆಮ್ಯಾಲ ಉಳಸೂದು?"

ನರ್ಸ್ ಗುಂಜೋಟಿಗೆ ಮದುವೆಯಾಗಿ ಬಂದ ಆಳಂದದ ಹುಡುಗಿ. ನಗು ಬಂದದ್ದನ್ನು ಮುಚ್ಚಿಕೊಳ್ಳಲು ಔಷಧದ ಟ್ರೇ ಎತ್ತಿಕೊಂಡು ಹೊರಗೆ ಹೋದಳು. ನಾನು ಕಂಬಳಿ ಬಿಚ್ಚಿದೆ. ಸಂಜೆಗೆ ಮತ್ತೆ ಸುತ್ತಿತ್ತು. ಮತ್ತೆ ಬಿಚ್ಚಿದೆ. ಅಷ್ಟು ಹೊತ್ತಿಗೆ ನನಗೆ ಆ ಕಂಬಳಿಯ ವಾಸನೆಯ ಮೇಲೇ ಸಿಟ್ಟು ಬಂದಿತ್ತು.

ಅಂತೂ ಅಂಕಿ ಮೂವತ್ತೈದಕ್ಕೆ ಬಂದು ನಿಂತಿತು. ನಾಡಿ ನಿಧಾನವಾಗಿತ್ತು, ಆದರೆ ಸಮವಾಗಿತ್ತು. ಕಣ್ಣಪಾಪೆಗಳೆರಡೂ ಬೆಳಕಿಗೆ ಒಂದೇ ರೀತಿ ಕುಗ್ಗುತ್ತಿದ್ದವು. ಬಾವು ಅಪಾಯದ ಗೆರೆ ದಾಟಿಲ್ಲ ಎಂಬುದಕ್ಕೆ ನನ್ನ ಬಳಿ ಇದ್ದ ಗುರುತು ಅದೊಂದೇ. ಮರುದಿನ ಬೆಳಗ್ಗೆ ಎಲ್ಲ ಸರಿಯಿದೆ ಎಂದು ನೋಡಿಕೊಂಡು ಹೊರರೋಗಿಗಳ ಕೋಣೆಗೆ ಹೋದೆ.

ಈ ಮಧ್ಯೆ ಲಾದಿಯ ಸುದ್ದಿ ತನ್ನ ಪಾಡಿಗೆ ತಾನು ಪ್ರಯಾಣ ಮಾಡಿತ್ತು. ಹೊರರೋಗಿಗಳಿಂದ ಬಸ್ ಸ್ಟ್ಯಾಂಡಿನ ಚಹಾದಂಗಡಿಗೆ, ಅಲ್ಲಿಂದ ನಿಲಂಗಾದ ಬೀಗರಿಗೆ, ಅವರ ಫೋನಿನಿಂದ ಉದಗೀರದ ದನದ ಸಂತೆಗೆ ಹೋಗಿದ್ದ ರೋಗಿಯ ಅಣ್ಣನಿಗೆ. ತಮ್ಮನಿಗೆ ಬರ್ಫ ಹಾಕಿದ್ದಾರಂತೆ. ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಡಾಕ್ಟರು ವಿಷಯ ಮುಚ್ಚಿಟ್ಟಿದ್ದಾರೆ ಎಂಬುದನ್ನು ನಿಲಂಗಾದವರು ಸೇರಿಸಿದ್ದರು.

ಅವರು ಲಿಂಗವಂತರು. ಅವರಲ್ಲಿ ತೀರಿಕೊಂಡವರನ್ನು ಮಲಗಿಸಿಡುವುದಿಲ್ಲ. ಮೈ ಸೆಟೆಯುವ ಮೊದಲೇ ಗೋಡೆಗೆ ಆನಿಸಿ ಕಾಲು ಮಡಿಸಿ ಕೂಡಿಸುತ್ತಾರೆ, ವಿಭೂತಿ ಹಚ್ಚುತ್ತಾರೆ, ಕೂತ ಹಾಗೆಯೇ ಮಣ್ಣು ಮಾಡುತ್ತಾರೆ. ಸೆಟೆದ ಮೇಲೆ ಕೂಡಿಸುವುದು ಕಷ್ಟ, ನೋಡಲಾಗದಂಥ ಕಷ್ಟ. ಬರ್ಫದಲ್ಲಿಟ್ಟರೆ ಇನ್ನೂ ಬೇಗ ಸೆಟೆಯುತ್ತದೆ ಎಂದು ಅಣ್ಣ ದಾರಿಯುದ್ದಕ್ಕೂ ಹೇಳುತ್ತ ಬಂದಿದ್ದರಂತೆ.

ನಾನು ಒಂದು ಮಗುವಿನ ಎದೆ ಪರೀಕ್ಷಿಸುತ್ತಿದ್ದೆ. ರೋಗಿಯ ಹೆಂಡತಿ ಬಾಗಿಲು ದೂಡಿಕೊಂಡು ಬಂದರು. ಕೈಯಿಂದ ಒಳಗಡೆ ತೋರಿಸುತ್ತಿದ್ದರು. ಓಡಿದೆ.

ರೋಗಿಯನ್ನು ಕೂಡಿಸಿಯಾಗಿತ್ತು. ಮಂಚದ ತಲೆಯ ಕಡೆಯ ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಿಸಿದ್ದರು, ಗದ್ದ ಎದೆಗೆ ಬಿದ್ದಿತ್ತು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಹಾರ. ಅರವತ್ತು ದಾಟಿದ ಅಣ್ಣ ಒಂದು ಭುಜ ಹಿಡಿದಿದ್ದರು, ನಿಲಂಗಾದ ಇಬ್ಬರು ಇನ್ನೊಂದು ಭುಜ. ಬರ್ಫದ ಚೀಲಗಳು ನೆಲದ ಮೇಲಿದ್ದವು. ಆಮ್ಲಜನಕದ ಮಾಸ್ಕ್ ಕಿವಿಗೆ ಜೋತುಬಿದ್ದಿತ್ತು. ಸಲೈನ್ ಸೂಜಿ ಕಿತ್ತುಬಂದು ಚಾದರದ ಮೇಲೆ ರಕ್ತ. ಎದೆಗೆ ಅಂಟಿಸಿದ್ದ ತಂತಿಗಳೆಲ್ಲ ಎತ್ತುವಾಗ ಕಳಚಿ, ಮಾನಿಟರಿನಲ್ಲಿ ಒಂದು ನೇರ ಗೆರೆ ಓಡುತ್ತಿತ್ತು.

"ನೋಡ್ರಿ," ಎಂದರು ಅಣ್ಣ, ನನ್ನ ಮೇಲೆ ಕರುಣೆ ಇದ್ದವರಂತೆ, "ಗೆರಿ ಸೀದಾ ಆಗ್ಯಾದ. ಕಾಲ ಮುಟ್ಟೀನಿ, ಥಂಡ ಆಗ್ಯಾವ. ಇನ್ನಾ ಯಾಕ ಮುಚ್ಚತೀರಿ ತಾಯಿ?"

ನಾನು ದನಿ ಏರಿಸುವವಳಲ್ಲ. ಅವತ್ತು ಏರಿಸಿದೆ. "ಮಲಗಿಸಿ" ಎಂದದ್ದು ಬೀದಿಗೆ ಕೇಳಿಸಿತ್ತು ಎಂದು ನರ್ಸ್ ಆಮೇಲೆ ಹೇಳಿದಳು. ಔಷಧ ತರಲು ಅವಳು ಹೊರಗೆ ಹೋಗಿದ್ದಷ್ಟು ಹೊತ್ತಿನಲ್ಲಿ ಇದೆಲ್ಲ ಆಗಿತ್ತು. ಅಷ್ಟರಲ್ಲಿ ಓಡಿಬಂದ ಅವಳೂ ನಾನೂ ಸೇರಿ ರೋಗಿಯನ್ನು ಮಲಗಿಸಿದೆವು, ಗದ್ದ ಎತ್ತಿ ಉಸಿರಿನ ದಾರಿ ತೆರೆದೆ. ನೋವು ತಿಳಿಯುತ್ತದೆಯೇ ಎಂದು ನೋಡಲು ಹುಬ್ಬಿನ ಮೇಲೆ ಹೆಬ್ಬೆರಳಿನಿಂದ ಬಲವಾಗಿ ಒತ್ತಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಅವರ ಬಲಗೈ ಮೇಲೆದ್ದು ಬಂದು, ನೊಣ ಓಡಿಸುವಂತೆ ನನ್ನ ಕೈಯನ್ನು ದೂಡಿತು.

ನಿಲಂಗಾದವನೊಬ್ಬ ಹಾರವನ್ನು ಮೆಲ್ಲಗೆ ಎಳೆದುಕೊಂಡು ಬೆನ್ನ ಹಿಂದೆ ಇಟ್ಟುಕೊಂಡ.

ಹೊಸ ಸೂಜಿ ಹಾಕುತ್ತ ಹೆಂಡತಿಯನ್ನು ಕೇಳಿದೆ: "ನೀವು ಇಲ್ಲೇ ಇದ್ದಿರಿ. ಜೀವ ಇದೆ ಅಂತ ನಿಮಗೆ ಗೊತ್ತಿತ್ತು. ಒಂದು ಮಾತು ಹೇಳಬಾರದಿತ್ತೆ?"

ಅವರು ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡರು. "ಭಾವನ ಮುಂದ ನಾ ಹ್ಯಾಂಗ ಮಾತಾಡಲಿರಿ? ಲಗ್ನ ಆಗಿ ಬಂದಾಗಿಂದ ಮಾತಾಡಿಲ್ಲ."

ಸಿಟ್ಟು ಮಾಡಿಕೊಳ್ಳಲು ಪುರುಸೊತ್ತಿರಲಿಲ್ಲ. ಔಷಧ ನಿಂತು, ಮೈ ಅಲುಗಾಡಿ, ನಡುಕ ಈ ಸಲ ದವಡೆಯಲ್ಲಿ ನಿಲ್ಲದೆ ಎದೆಗೆ, ತೋಳಿಗೆ ಇಳಿದಿತ್ತು. ಮಂಚ ಕಟಕಟ ಎನ್ನುತ್ತಿತ್ತು. ಅಂಕಿ ಕಣ್ಣೆದುರೇ ಏರುತ್ತಿತ್ತು. ದೊಡ್ಡ ಡಾಕ್ಟರು ಬಂದು ಬಾಗಿಲಲ್ಲಿ ನಿಂತರು. "ಸಾಕು. ಎಲ್ಲಾ ತೆಗೀರಿ. ಮನೆಗೆ ಒಯ್ತೀವಿ ಅಂತಿದಾರೆ, ಒಯ್ಯಲಿ. ಇದು ನಿಮ್ಮ ಕಾಲೇಜಲ್ಲ."

ಒಯ್ಯುವುದೆಂದರೆ ಏನು ಎಂದು ನನಗೆ ಗೊತ್ತಿತ್ತು. ಆ ಬಿಸಿಲಿನಲ್ಲಿ, ಜೀಪಿನ ತಗಡಿನ ಕೆಳಗೆ, ಮೈ ಒಮ್ಮೆಲೇ ಬಿಸಿಯಾಗುತ್ತದೆ. ತಂಪಿನಲ್ಲಿ ತಡೆದಿಟ್ಟ ಬಾವು ಒಮ್ಮೆಲೇ ಎದ್ದುಬರುತ್ತದೆ. ಊರು ಮುಟ್ಟುವ ಮೊದಲೇ ಕೂಡಿಸಲು ನಿಜವಾದ ಕಾರಣ ಸಿಗುತ್ತದೆ. ನಡುಕದ ಔಷಧ ಹೆಚ್ಚಿಸಿದರೆ ಉಸಿರು ನಿಂತೀತು. ಹೆಚ್ಚಿಸದಿದ್ದರೆ ನಡುಕವೇ ಜ್ವರ ತರುತ್ತದೆ.

ಕಾಲೇಜಿನಲ್ಲಿ ನಡುಕ ತಡೆಯಲು ಇನ್ನೊಂದು ಉಪಾಯವಿತ್ತು. ನಡುಗಬೇಕೋ ಬೇಡವೋ ಎಂದು ದೇಹ ತೀರ್ಮಾನಿಸುವಾಗ ಚರ್ಮದ ಸಾಕ್ಷಿಯನ್ನೂ ಕೇಳುತ್ತದೆ, ಅದರಲ್ಲೂ ಅಂಗೈ, ಅಂಗಾಲು, ಮುಖದ್ದು. ಅವಷ್ಟನ್ನೇ ಬೆಚ್ಚಗಿಟ್ಟರೆ, ಒಳಗೆ ತಣ್ಣಗಿದ್ದರೂ ನಡುಕ ಇಳಿಯುತ್ತದೆ. ಅಲ್ಲಿ ಅದಕ್ಕೆ ಬಿಸಿಗಾಳಿ ಊದುವ ಹೊದಿಕೆಯ ಯಂತ್ರವಿತ್ತು. ಯಂತ್ರ ಇಲ್ಲ ಎಂದು ನಾನು ಆ ಉಪಾಯವನ್ನೇ ಪಕ್ಕಕ್ಕಿಟ್ಟಿದ್ದೆ. ಈಗ ನೋಡಿದರೆ, ಮೂಲೆಯಲ್ಲಿ ನಾನೇ ಬಿಚ್ಚಿ ಎಸೆದಿದ್ದ ಕಂಬಳಿ ಇತ್ತು. ಮೊದಲು ಅದು ಮೊಣಕಾಲಿನತನಕ ಸುತ್ತಿ, ನಡುಕವಿಲ್ಲದಾಗ ಬರೀ ಶಾಖ ತುಂಬುತ್ತಿತ್ತು. ಪಾದಕ್ಕಷ್ಟೇ, ನಡುಕವಿದ್ದಾಗ, ಅದೇ ಬೇಕಾಗಿತ್ತು.

"ಒಂದು ಗಂಟೆ ಕೊಡಿ ಸರ್," ಎಂದೆ. ಅವರು ಗಡಿಯಾರ ನೋಡಿಕೊಂಡು ಹೋದರು. ನಾನು ಹೆಂಡತಿಯ ಕಡೆ ತಿರುಗಿದೆ. "ಅಕ್ಕಾ, ಆ ಕಂಬಳಿ ತರ್ರಿ. ಬಿಸಿನೀರಲ್ಲಿ ಟವೆಲ್ ಹಿಂಡಿ ಎರಡೂ ಕೈಗೆ, ಎರಡೂ ಪಾದಕ್ಕೆ ಸುತ್ತಿ, ಮೇಲೆ ಕಂಬಳಿ. ಎಡಗಡೆ ಅವರಿಗೆ ಸ್ಪರ್ಶ ಗೊತ್ತಾಗಲ್ಲ, ಸುಟ್ಟರೂ ಹೇಳಲ್ಲ. ಮೊದಲು ನಿಮ್ಮ ಗಲ್ಲಕ್ಕೆ ಒತ್ತಿ ನೋಡ್ರಿ. ಕುತ್ತಿಗೆ, ಕಂಕುಳು, ತೊಡೆ ಮುಟ್ಟಬ್ಯಾಡ್ರಿ. ಅದು ನನ್ನದು."

ಅವರು ಕಂಬಳಿ ಎತ್ತಿಕೊಂಡು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ನಿನ್ನಿ ಬ್ಯಾಡ ಅಂದ್ರಿ. ಇವತ್ತ ಬೇಕು ಅಂತೀರಿ. ಒಂದ ಮಾತಿನ ಮ್ಯಾಲ ನಿಲ್ರಿ ಡಾಕ್ಟರಬಾಯಿ."

ಆದರೆ ಕೈ ಆಗಲೇ ಕೆಲಸಕ್ಕೆ ಹತ್ತಿತ್ತು. ಟವೆಲ್ ಆರುವ ಮೊದಲೇ ಇನ್ನೊಂದು ತಯಾರಿರುತ್ತಿತ್ತು. ತೋಳಿನ ನಡುಕ ಮೊದಲು ನಿಂತಿತು, ಆಮೇಲೆ ಎದೆಯದು. ನಾನು ದವಡೆಯ ಮೇಲೆ ಅಂಗೈ ಇಟ್ಟುಕೊಂಡೇ ಕೂತಿದ್ದೆ. ಗಿರಣಿ ದೂರ ಹೋಗುತ್ತ ಹೋಗಿ ನಿಂತುಹೋಯಿತು. ಔಷಧ ಹೆಚ್ಚಿಸಬೇಕಾಗಲಿಲ್ಲ. ಅಂಕಿ ಮತ್ತೆ ಇಳಿಯತೊಡಗಿತು. ಗಂಟೆ ಮುಗಿದು ಬಂದ ದೊಡ್ಡ ಡಾಕ್ಟರು ಅದನ್ನು ನೋಡಿ, ಒಯ್ಯುವ ಮಾತು ಬಿಟ್ಟರು.

ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ನೋಡಲು ಬಂದ ನೆಂಟರು ಮುಟ್ಟುವುದು ಕೈಯನ್ನು, ಇಲ್ಲವೆ ಕಾಲನ್ನು. ಈಗ ಅವೆರಡೂ ಬೆಚ್ಚಗಿದ್ದವು. ಅಣ್ಣ ತಾವಾಗಿ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. ಹೂವು ಹಿಡಿದು ಬಂದವರಿಗೆಲ್ಲ ಅಲ್ಲೇ ಗದರಿಕೆ: "ಹಾರ ಹೊರಗ ಇಡು. ಕೈ ಮುಟ್ಟಿ ನೋಡು, ಬೆಚ್ಚಗ ಅದ. ಆತಲ್ಲ? ನಡಿ." ತಾವು ಅದೇ ಕೆಲಸ ಮಾಡಿದ್ದನ್ನು ಅವರು ಯಾರಿಗೂ ಹೇಳಲಿಲ್ಲ. ಒಳಗೆ ಹೆಂಡತಿ, ಕೈಗೆ ನಿಲುಕುವಷ್ಟು ಸಮೀಪದಲ್ಲಿ ಕೂತ ಭಾವನಿಗೆ ಕೇಳಿಸುವಂತೆ, ನರ್ಸಿಗೆ ಹೇಳುತ್ತಿದ್ದರು: "ಭಾವಾಗ ಹೇಳವ್ವಾ, ಎದಿ ಮುಟ್ಟಬಾರದಂತ." ಭಾವ ನರ್ಸಿಗೆ ಉತ್ತರ ಕೊಡುತ್ತಿದ್ದರು: "ಮುಟ್ಟಾಂಗಿಲ್ಲ ಅನ್ನು." ನರ್ಸ್ ಇಬ್ಬರ ನಡುವೆ ನಿಂತು ಸುಸ್ತಾಗಿ, "ಬಾಯೀ, ನನಗ ಎರಡು ಪಗಾರ ಕೊಡ್ರಿ," ಎಂದಳು.

ಬಾವಿನ ದಿನಗಳು ಹಾಗೇ ಕಳೆದವು. ಲಾದಿ ಈಗ ಹಿಂಬಾಗಿಲಿನಿಂದ ಬರುತ್ತಿತ್ತು, ತರಿಸುವವರು ಅಣ್ಣನೇ. ಒಂದು ಮಧ್ಯಾಹ್ನ ಬಾಗಿಲ ಹತ್ತಿರ ನಾನು ನೀರು ಕುಡಿಯುತ್ತಿದ್ದಾಗ ಅವರು ನನ್ನ ಮುಖ ನೋಡದೆ ಹೇಳಿದರು: "ಭೂಕಂಪದಾಗ ಮಣ್ಣಾಗಿಂದ ಅವ್ವನ ತಗದಾಗ ಭಾಳ ವ್ಯಾಳ್ಯಾ ಆಗಿತ್ತು. ಕೂಡಸಲಾಕ ಬರಲಿಲ್ಲ. ಎಲ್ಲರ ಕೂಡ ಕಟಗಿ ಮ್ಯಾಲೇ ಹಾಕಿದ್ರು. ಹೆಸರ ಹಿಡದು ಕರಿಯೂಕೂ ಪುರುಸೊತ್ತ ಇರಲಿಲ್ಲ." ಸ್ಟೂಲನ್ನು ಗೋಡೆಗೆ ಸರಿಸಿಕೊಂಡು, "ಇವಂದಾದ್ರೂ ಹಂಗ ಆಗಬಾರದು ಅಂತ," ಎಂದರು.

ಬರ್ಫ ಒಡೆಸಬೇಕು ಎಂದು ಹಿತ್ತಲಿಗೆ ಹೋದೆ.

ಏರಿಸುವ ಕೆಲಸದಲ್ಲಿ ಎಲ್ಲರ ತಾಳ್ಮೆ ಹೋಯಿತು, ನನ್ನದೂ. ಒಂದು ಡಿಗ್ರಿಯನ್ನು ಹಲವು ಗಂಟೆಗಳಲ್ಲಿ ಹಂಚಿ ಏರಿಸಬೇಕು. ಚೀಲಗಳನ್ನು ಒಂದೊಂದಾಗಿ ತೆಗೆಯುತ್ತ, ಬೇಗ ಏರಿದರೆ ಮತ್ತೆ ಇಡುತ್ತ, ಪಾಪೆಗಳನ್ನು ನೋಡುತ್ತ ಕೂತೆ. "ತಗೀರಿ, ಇಡ್ರಿ, ತಗೀರಿ, ಇಡ್ರಿ. ಇದೇನ ಮಕ್ಕಳ ಆಟ ನಡಸೀರಿ?" ಎಂದರು ಹೆಂಡತಿ. ಲೋಡ್ ಶೆಡ್ಡಿಂಗು ಸರಿಯಾಗಿ ಆಗಲೇ ಬಂತು. ಕಾದ ಸ್ಲ್ಯಾಬಿನ ಕೆಳಗೆ ಅಂಕಿ ಓಡತೊಡಗಿತು. ಅಣ್ಣ ಸ್ಟೂಲು ಬಿಟ್ಟೆದ್ದು, ಒದ್ದೆ ಚಾದರದ ಮೇಲೆ ರಟ್ಟಿನಿಂದ ಗಾಳಿ ಹಾಕತೊಡಗಿದರು. ಗಾಳಿ ಬಡಿದವನಿಗೆ ಗಾಳಿ ಹಾಕುತ್ತಿದ್ದೇನೆ ಎಂದು ಅವರಿಗೆ ಆಗ ನೆನಪಾಗಲಿಲ್ಲವೆಂದು ತೋರುತ್ತದೆ. ನಾನೂ ನೆನಪಿಸಲಿಲ್ಲ.

ಮೂವತ್ತಾರೂವರೆ ಮುಟ್ಟಿದ ಮೇಲೆ ರೋಗಿ ಕಣ್ಣು ಬಿಟ್ಟರು. ಪಾಪೆಗಳು ಸಮನಾಗಿದ್ದವು. ತಂಪೇ ಉಳಿಸಿತೋ, ಬಾವು ಅಷ್ಟಕ್ಕೇ ನಿಲ್ಲುವುದಿತ್ತೋ, ಒಬ್ಬ ರೋಗಿಯನ್ನು ನೋಡಿ ನಾನು ಹೇಳಲಾರೆ. ಫೋನಿನಲ್ಲಿ ಗುರುಗಳೂ ಹೇಳಲಿಲ್ಲ.

ಎಡಗಡೆ ಮರಳಿರಲಿಲ್ಲ. ಮಾತು ಸ್ವಲ್ಪ ತೊದಲಿದರೂ ಸ್ಪಷ್ಟವಾಗಿತ್ತು. ಪಾರ್ಶ್ವವಾಯುವಿನ ನಂತರ ರೋಗಿ ಮೊದಲು ಕಲಿಯಬೇಕಾದದ್ದು ನಡೆಯುವುದಲ್ಲ, ಬೀಳದೆ ಕೂಡುವುದು. ಆಹಾರ ಕೊಡಲು ಮೂಗಿನಿಂದ ಹಾಕಿದ್ದ ನಳಿಕೆ ತೆಗೆದ ಮರುದಿನ ಬೆಳಗ್ಗೆ, ಮಂಚದ ಅಂಚಿನಲ್ಲಿ ಅವರನ್ನು ಕೂಡಿಸಬೇಕು, ಯಾರಾದರೂ ಹಿಂದೆ ಹಿಡಿದುಕೊಳ್ಳಿ ಎಂದೆ.

ಅಣ್ಣ ಬಾಗಿಲಲ್ಲೇ ಇದ್ದರು. ಬರಲಿಲ್ಲ. ಎರಡೂ ಕೈಗಳನ್ನು ಧೋತರದ ಮೇಲೆ ಒರೆಸಿಕೊಳ್ಳುತ್ತ ನಿಂತರು.

ಅಷ್ಟರಲ್ಲಿ ಯಾರೋ ಎಲ್ಲ ವರದಿ ಒಪ್ಪಿಸಿದ್ದರೆಂದು ಕಾಣುತ್ತದೆ. ರೋಗಿ ಬಾಗಿಲ ಕಡೆ ಕಷ್ಟಪಟ್ಟು ಕತ್ತು ತಿರುಗಿಸಿದರು. "ಅವತ್ತ ಉದಗೀರದಿಂದ ಓಡಿ ಬಂದಿ ಅಂತಲ್ಲ ಅಣ್ಣಾ, ನನ್ನ ಕೂಡಸಲಾಕ. ಇವತ್ತ ಯಾಕ ನಿಂತಿ? ಬಾ, ಈಗ ಕೂಡಸು."

ಅಣ್ಣ ಬಂದರು. ಬೆನ್ನ ಹಿಂದೆ ಮಂಡಿಯೂರಿ ಎತ್ತಿದರು. ನಾನು ಎದುರಿನಿಂದ ಹಿಡಿದು, ಪಾದಗಳನ್ನು ನೆಲಕ್ಕೆ ಮುಟ್ಟಿಸಿ, ಮೆಲ್ಲಗೆ ಕೈ ಸಡಿಲಿಸಿದೆ. ಒಂದು ಉಸಿರಿನಷ್ಟು ಹೊತ್ತು ನೆಟ್ಟಗಿದ್ದರು. ಆಮೇಲೆ ಎಡಕ್ಕೆ ವಾಲತೊಡಗಿದರು. ಅಣ್ಣನಿಗೆ ಹಿಂದಿನಿಂದ ಅದು ಕಾಣುತ್ತಿರಲಿಲ್ಲ.

"ಭಾವಾ, ಎಡಕ್ಕ ಹಿಡೀರಿ! ಬೀಳತಾರ, ಹಿಡೀರಿ!"

ನರ್ಸ್ ಟ್ರೇ ಹಿಡಿದುಕೊಂಡು ಹಾಗೇ ನಿಂತಳು. ಅಣ್ಣ ಎಡಗಡೆಗೆ ಎದೆ ಕೊಟ್ಟು ತಮ್ಮನನ್ನು ಆತುಕೊಂಡರು. ಹೆಂಡತಿಯ ಸೆರಗು ತಲೆಯಿಂದ ಜಾರಿತ್ತು. ಅದನ್ನು ಮತ್ತೆ ಎಳೆದುಕೊಳ್ಳದೆ ಅವರು ಮುಂದೆ ಬಂದು, ಭಾವನ ಕೈಯನ್ನು ಎಲ್ಲಿ ಇಡಬೇಕೆಂದು ಬೆರಳು ಮಾಡಿ ತೋರಿಸುತ್ತಿದ್ದರು.